ಹ್ಯಾಮ್ ರೇಡಿಯೋಗೆ ಸ್ವಿಚ್ಚಿಂಗ್ ಪವರ್ ಸಪ್ಲೈ: ವಿವರಪಟ್ಟಿ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು?

ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಕೇಂದ್ರವನ್ನು ಹೊಸದಾಗಿ ಸ್ಥಾಪಿಸುವವರು ಟ್ರಾನ್ಸೀವರ್ ಯಾವುದಿರಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ, ಆಂಟೆನಾ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಇವೆರಡಕ್ಕೂ ಜೀವ ತುಂಬುವ ಪವರ್ ಸಪ್ಲೈಯನ್ನು ಮಾತ್ರ ಕೊನೆಗೆ ಉಳಿದ ಹಣದಲ್ಲಿ ಅವಸರದಿಂದ ಕೊಳ್ಳುತ್ತಾರೆ. ಇದು ಸರಿಯಲ್ಲ. ಕಳಪೆ ಪವರ್ ಸಪ್ಲೈ ಎರಡು ರೀತಿಯ ಹಾನಿ ಮಾಡಬಲ್ಲದು: ದುಬಾರಿ ಟ್ರಾನ್ಸೀವರನ್ನು ಸುಡಬಲ್ಲದು, ಅದಕ್ಕಿಂತ ಹೆಚ್ಚಾಗಿ, ಕೇಳಬೇಕಾದ ದನಿಯನ್ನು ಕೇಳದಂತೆ ಮಾಡಬಲ್ಲದು.

ಎರಡನೆಯ ಹಾನಿ ಸಣ್ಣದಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಹವ್ಯಾಸಕ್ಕೆಂದು ಒಯ್ದಿದ್ದ ಸಲಕರಣೆಗಳೇ ಅಂಡಮಾನ್ ದ್ವೀಪಗಳ ತುರ್ತು ಸಂಪರ್ಕಕ್ಕೆ ಆಸರೆಯಾದವು. ಇಂಥ ಸಂದರ್ಭದಲ್ಲಿ ಆ ತುದಿಯಲ್ಲಿರುವವರ ಬ್ಯಾಟರಿ ಕುಂದಿರಬಹುದು, ಆಂಟೆನಾ ಮರಕ್ಕೆ ಎಸೆದ ತಂತಿಯಷ್ಟೇ ಆಗಿರಬಹುದು. ಅವರ ಕ್ಷೀಣ ಸಂಕೇತವನ್ನು ನಮ್ಮ ಮೇಜಿನ ಮೇಲಿನ ಪೆಟ್ಟಿಗೆಯೇ ಗದ್ದಲದಲ್ಲಿ ಮುಳುಗಿಸಿದರೆ ಕೇಂದ್ರವಿದ್ದೂ ಪ್ರಯೋಜನವಿಲ್ಲ.

ಸ್ವಿಚ್ಚಿಂಗ್ ಸಪ್ಲೈಗಳ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. 'ರೇಡಿಯೋ ಹತ್ತಿರ ಅದನ್ನು ತರಲೇಬೇಡಿ' ಎನ್ನುತ್ತಾರೆ ಹಳಬರು. 'ಗದ್ದಲವೇ ಇಲ್ಲ' ಎನ್ನುತ್ತವೆ ಜಾಹೀರಾತುಗಳು. ಇವೆರಡೂ ಅರ್ಧ ಸತ್ಯಗಳು. ತಯಾರಕರು ಕೊಡುವ ವಿವರಪಟ್ಟಿಯನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಪರಿಶೀಲಿಸೋಣ.

ಬೇಡಿಕೆ ಏನು?

ನೂರು ವಾಟ್ ಪ್ರಸಾರ ಸಾಮರ್ಥ್ಯದ ಬಹುತೇಕ ಎಚ್‌ಎಫ್ ಟ್ರಾನ್ಸೀವರುಗಳು 13.8 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ಈ ಸಂಖ್ಯೆ ಬಂದದ್ದು ಕಾರಿನ ಬ್ಯಾಟರಿಯಿಂದ: ಆರು ಸೀಸ-ಆಮ್ಲ ಕೋಶಗಳು, ಚಾರ್ಜ್ ಆಗುವಾಗ ಕೋಶಕ್ಕೆ ಸುಮಾರು 2.3 ವೋಲ್ಟ್. ಆಲಿಸುವಾಗ ಈ ಸಾಧನಗಳು ಎಳೆಯುವುದು ಸುಮಾರು 1 ಆಂಪಿಯರ್. ಪೂರ್ಣ ಸಾಮರ್ಥ್ಯದಲ್ಲಿ ಪ್ರಸಾರ ಮಾಡುವಾಗ 20ರಿಂದ 23 ಆಂಪಿಯರ್. ಮಾತಿನ ಪ್ರಸಾರದಲ್ಲಿ ವಿದ್ಯುತ್ ಪ್ರವಾಹ ಒಂದೊಂದು ಅಕ್ಷರಕ್ಕೂ ಏರಿಳಿಯುತ್ತದೆ. ಇಷ್ಟು ಏರಿಳಿತದ ನಡುವೆಯೂ ವೋಲ್ಟೇಜ್ ಅಲುಗಬಾರದು.

ಹಳೆಯ ರೇಖೀಯ ಸಪ್ಲೈ ಇದನ್ನು ಮಾಡುವ ಕ್ರಮ ಸರಳ. 230 ವೋಲ್ಟನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ, ದಿಷ್ಟೀಕರಿಸಿ, ಸುಮಾರು 20 ವೋಲ್ಟ್ ಮಾಡಿಕೊಂಡು, ಹೆಚ್ಚಾದುದನ್ನು ಟ್ರಾನ್ಸಿಸ್ಟರುಗಳಲ್ಲಿ ಶಾಖವಾಗಿ ಕಳೆಯುವುದು. ಲೆಕ್ಕ ಮಾಡಿ: 6.2 ವೋಲ್ಟ್ ಗುಣಿಸು 20 ಆಂಪಿಯರ್, ಅಂದರೆ 124 ವಾಟ್ ಶಾಖ. ಟ್ರಾನ್ಸ್‌ಫಾರ್ಮರಿನ ನಷ್ಟ ಬೇರೆ. ಶೇಕಡ 85 ದಕ್ಷತೆಯ ಸ್ವಿಚ್ಚಿಂಗ್ ಸಪ್ಲೈ ಅದೇ 276 ವಾಟ್ ಕೊಡಲು ಸುಮಾರು 325 ವಾಟ್ ಪಡೆಯುತ್ತದೆ. ನಷ್ಟ 49 ವಾಟ್ ಮಾತ್ರ.

ತೂಕದಲ್ಲಿಯೂ ಅಜಗಜಾಂತರ. ಟ್ರಾನ್ಸ್‌ಫಾರ್ಮರಿನ ತಿರುಳಿನ ಅಡ್ಡಕೊಯ್ತ ಆವೃತ್ತಿಗೆ ವಿಲೋಮವಾಗಿರುತ್ತದೆ ಎಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಆವೃತ್ತಿ 50 ಹರ್ಟ್ಸ್‌ನಿಂದ 50 ಕಿಲೋಹರ್ಟ್ಸ್‌ಗೆ ಏರಿದರೆ ಸಾವಿರ ಪಟ್ಟು ಲಾಭ. ಆದರೆ ಫೆರೈಟ್ ತಿರುಳು ತಾಳುವ ಕಾಂತೀಯ ಅಭಿವಾಹ ಸಾಂದ್ರತೆ ಸಿಲಿಕಾನ್ ಉಕ್ಕಿನದಕ್ಕಿಂತ ನಾಲ್ಕೈದು ಪಟ್ಟು ಕಡಿಮೆ. ಆದ್ದರಿಂದ ಲಾಭ ಸುಮಾರು ಇನ್ನೂರು ಪಟ್ಟಿಗೆ ಇಳಿಯುತ್ತದೆ. ಅಷ್ಟೇ ಸಾಕು, ಹತ್ತು ಕಿಲೋಗ್ರಾಂ ಆಸುಪಾಸಿನ ಪೆಟ್ಟಿಗೆ ಎರಡು ಕಿಲೋಗ್ರಾಂಗೆ ಇಳಿಯಲು.

ನಮ್ಮ ಹಳ್ಳಿಗಳಿಗೆ ಇನ್ನೊಂದು ಅನುಕೂಲವೂ ಇದೆ. ಸಂಜೆ ಪಂಪ್‌ಸೆಟ್ಟುಗಳು ನಡೆಯುವಾಗ ಮನೆಯ ವೋಲ್ಟೇಜ್ 180ಕ್ಕೆ ಇಳಿದರೆ ಮೇಲಿನ ರೇಖೀಯ ಸಪ್ಲೈಯ 20 ವೋಲ್ಟ್ 15.6ಕ್ಕೆ ಕುಸಿಯುತ್ತದೆ. ನಿಯಂತ್ರಣಕ್ಕೆ ಉಳಿಯುವ ಅಂತರ ಸಾಲದೆ ಪ್ರಸಾರದಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ. 180ರಿಂದ 264 ವೋಲ್ಟ್‌ವರೆಗೆ ಕೆಲಸ ಮಾಡುವಂತೆ ರಚಿಸಿದ ಸ್ವಿಚ್ಚಿಂಗ್ ಸಪ್ಲೈಗೆ ಇದು ಲೆಕ್ಕಕ್ಕಿಲ್ಲ. ಹೀಗಾಗಿ 'ತರಲೇಬೇಡಿ' ಎಂಬ ಮಾತನ್ನು ಒಪ್ಪಲಾಗದು.

ಹೆಸರಿನಲ್ಲಿರುವ ಆಂಪಿಯರ್

ಈಗ ತಯಾರಕರ ಮಾತಿಗೆ ಬರೋಣ. ಸಪ್ಲೈಯ ಹೆಸರಿನಲ್ಲಿರುವ ಸಂಖ್ಯೆ ಅದು ಸದಾ ಕೊಡಬಲ್ಲ ಪ್ರವಾಹವಲ್ಲ. ಉದಾಹರಣೆಗೆ, ಹ್ಯಾಮ್‌ಗಳಿಗೆ ಪರಿಚಿತವಾದ ಆಸ್ಟ್ರಾನ್ ಎಸ್‌ಎಸ್-30ರಲ್ಲಿ 30 ಎಂಬುದು ಬಿಟ್ಟುಬಿಟ್ಟು ಬರುವ ಹೊರೆಗೆ. ನಿರಂತರ ಹೊರೆಗೆ 25 ಆಂಪಿಯರ್ ಮಾತ್ರ. ವಿವರಪಟ್ಟಿಯಲ್ಲಿ ಎರಡೂ ಇರುತ್ತವೆ, ಜಾಹೀರಾತಿನಲ್ಲಿ ದೊಡ್ಡದು ಮಾತ್ರ ಎದ್ದು ಕಾಣುತ್ತದೆ.

ಬರೀ ಮಾತಿನ ಪ್ರಸಾರ ಮಾಡುವವರಿಗೆ ಈ ವ್ಯತ್ಯಾಸ ಹೆಚ್ಚು ಕಾಡದು. ಆದರೆ 2017ರಲ್ಲಿ ಬಂದ ಎಫ್‌ಟಿ8 ಎಂಬ ಅಂಕೀಯ ವಿಧಾನ ಪರಿಸ್ಥಿತಿಯನ್ನು ಬದಲಿಸಿತು. ಇದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಜೋಸೆಫ್ ಟೇಲರ್, ಜೋಡಿ ಪಲ್ಸಾರ್ ಸಂಶೋಧನೆಗಾಗಿ 1993ರ ಭೌತವಿಜ್ಞಾನ ನೊಬೆಲ್ ಪಡೆದವರು. ಎಫ್‌ಟಿ8ರಲ್ಲಿ ಹದಿನೈದು ಸೆಕೆಂಡಿನ ಒಂದು ಸರದಿಯಲ್ಲಿ 12.64 ಸೆಕೆಂಡ್ ಬಿಡುವಿಲ್ಲದೆ ಪ್ರಸಾರ ನಡೆಯುತ್ತದೆ. ಅಕ್ಷರಗಳ ನಡುವಿನ ವಿರಾಮ ಇಲ್ಲಿಲ್ಲ. ಆದ್ದರಿಂದ ನೋಡಬೇಕಾದದ್ದು ನಿರಂತರ ಸಂಖ್ಯೆಯನ್ನೇ. ಟ್ರಾನ್ಸೀವರಿನ ಗರಿಷ್ಠಕ್ಕಿಂತ ಶೇಕಡ 20–25ರಷ್ಟು ಹೆಚ್ಚಿರಲಿ.

ಎಲ್‌ಇಡಿ ಫಲಕಗಳಿಗೂ ಕಾವಲು ಕ್ಯಾಮೆರಾಗಳಿಗೂ ಬಳಸುವ ರಂಧ್ರಪೆಟ್ಟಿಗೆಯ ಕೈಗಾರಿಕಾ ಸಪ್ಲೈಗಳು ಅಗ್ಗವಾದ್ದರಿಂದ ಅನೇಕರು ಅವನ್ನೇ ಕೊಳ್ಳುತ್ತಾರೆ. '12 ವೋಲ್ಟ್, 29 ಆಂಪಿಯರ್' ಎಂದರೆ 348 ವಾಟ್. ತಿರುಪು ತಿರುಗಿಸಿ ವೋಲ್ಟೇಜನ್ನು 13.8ಕ್ಕೆ ಏರಿಸಿದರೂ ವಾಟ್ ಏರುವುದಿಲ್ಲ. ಆಗ ನಿಮಗೆ ಸಿಗುವುದು 25 ಆಂಪಿಯರ್. ತಿರುಪು 13.8ರವರೆಗೆ ಹೋಗುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಮಿಲಿವೋಲ್ಟ್ ಮತ್ತು ಮೈಕ್ರೋವೋಲ್ಟ್

ವಿವರಪಟ್ಟಿಯ ಅತ್ಯಂತ ದಾರಿತಪ್ಪಿಸುವ ಸಾಲು 'ಏರಿಳಿತ ಮತ್ತು ಗದ್ದಲ: 150 ಮಿಲಿವೋಲ್ಟ್' ಎಂಬುದು. ನೂರು ಭಾಗಕ್ಕೆ ಹೆಚ್ಚುಕಡಿಮೆ ಒಂದೇ ಭಾಗವಲ್ಲವೇ ಎಂದು ಸಮಾಧಾನ ಪಡುತ್ತೇವೆ. ಆದರೆ ರೇಡಿಯೋ ಗ್ರಾಹಕದ ಅಳತೆಗೋಲೇ ಬೇರೆ. ಎಚ್‌ಎಫ್‌ನಲ್ಲಿ 'ಎಸ್9' ಎಂಬ ಪ್ರಬಲ ಸಂಕೇತವೆಂದರೆ ಆಂಟೆನಾ ತುದಿಯಲ್ಲಿ 50 ಮೈಕ್ರೋವೋಲ್ಟ್. ಎಸ್1 ಎಂದರೆ ಸುಮಾರು 0.2 ಮೈಕ್ರೋವೋಲ್ಟ್. 150 ಮಿಲಿವೋಲ್ಟ್ ಎಸ್9ರ ಮೂರು ಸಾವಿರ ಪಟ್ಟು! ಆ ಗದ್ದಲವೆಲ್ಲ ಆಂಟೆನಾಗೆ ಬರುವುದಿಲ್ಲ ನಿಜ; ಆದರೆ ಅದರ ಎಷ್ಟು ಪಾಲು, ಯಾವ ಆವೃತ್ತಿಯಲ್ಲಿ, ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಬಗ್ಗೆ ಆ ಸಾಲು ಒಂದಕ್ಷರವನ್ನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ತಂತಿಯ ತುದಿಗೆ 0.1 ಮತ್ತು 47 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನು ಕಟ್ಟಿ ಅಳೆದದ್ದೆಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವುದುಂಟು.

'ಅಂತಾರಾಷ್ಟ್ರೀಯ ಮಾನಕಕ್ಕೆ ಅನುಗುಣ' ಎಂಬ ಮುದ್ರೆಯೂ ಪೂರ್ತಿ ಭರವಸೆಯಲ್ಲ. ಮನೆಬಳಕೆಯ ಸಲಕರಣೆಗಳಿಗೆ ಸಿಐಎಸ್‌ಪಿಆರ್ ವಿಧಿಸಿರುವ ಮಿತಿಯಂತೆ 5ರಿಂದ 30 ಮೆಗಾಹರ್ಟ್ಸ್ ನಡುವೆ ವಿದ್ಯುತ್ ತಂತಿಗೆ ಸೇರುವ ಗದ್ದಲ 1 ಮಿಲಿವೋಲ್ಟ್‌ವರೆಗೆ ಇರಬಹುದು. ಅದೂ ಎಸ್9ರ ಇಪ್ಪತ್ತು ಪಟ್ಟು. ಈ ಮಿತಿ ನೆರೆಮನೆಯ ರೇಡಿಯೋವನ್ನು ಕಾಪಾಡಲು ಇರುವಂಥದ್ದು, ಅದೇ ಮೇಜಿನ ಮೇಲಿರುವ ಸೂಕ್ಷ್ಮ ಗ್ರಾಹಕವನ್ನಲ್ಲ.

ಗದ್ದಲದ ಗುಣಾಕಾರ

ಸಪ್ಲೈಯ ಒಳಗೆ ಟ್ರಾನ್ಸಿಸ್ಟರ್ ಸೆಕೆಂಡಿಗೆ 65 ಸಾವಿರ ಬಾರಿ ತೆರೆದು ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ಅದರ ಅಲೆ ಚೌಕಾಕಾರದ್ದು, ಹಾಗಾಗಿ ಗುಣಕ ಆವೃತ್ತಿಗಳು ಸಾಲಾಗಿ ಹುಟ್ಟುತ್ತವೆ. 108, 109 ಮತ್ತು 110ನೆಯ ಗುಣಕಗಳು 7.020, 7.085 ಮತ್ತು 7.150 ಮೆಗಾಹರ್ಟ್ಸ್. ಮೂರೂ ನಮ್ಮ 40 ಮೀಟರ್ ಪಟ್ಟಿಯ ಒಳಗೇ ಬೀಳುತ್ತವೆ. ಹೊರೆ ಅಥವಾ ಶಾಖ ಬದಲಾಗಿ ಮೂಲ ಆವೃತ್ತಿ 100 ಹರ್ಟ್ಸ್ ಸರಿದರೆ 109ನೆಯ ಗುಣಕ ಸುಮಾರು 11 ಕಿಲೋಹರ್ಟ್ಸ್ ಸರಿಯುತ್ತದೆ. ಪಟ್ಟಿಯ ಉದ್ದಕ್ಕೂ ತೆವಳುವ ಕೊರಕೊರ ಸದ್ದಿನ ಮೂಲ ಇದೇ.

ಅಲಿಂಕೋ ಡಿಎಂ-330ಎಂವಿಯಲ್ಲಿ ಈ ಗದ್ದಲವನ್ನು ಪಕ್ಕಕ್ಕೆ ಸರಿಸುವ ಗುಂಡಿಯೊಂದಿದೆ. ಇದು ಪ್ರಾಮಾಣಿಕ ಉಪಾಯ: ಗದ್ದಲವಿಲ್ಲ ಎನ್ನುವುದಿಲ್ಲ, ನಾನು ಕೇಳುವ ಜಾಗದಿಂದ ಸರಿಯಲಿ ಎನ್ನುತ್ತದೆ. ನಿಗದಿತ ಆವೃತ್ತಿಯಲ್ಲಿ ತುರ್ತು ಸಂಪರ್ಕಜಾಲ ನಡೆಸುವವರಿಗೆ ಇದು ನಿಜಕ್ಕೂ ಉಪಯುಕ್ತ. ಇದಕ್ಕೆ ವ್ಯತಿರಿಕ್ತವಾಗಿ, ಕೆಲವು ಆಧುನಿಕ ಸಪ್ಲೈಗಳು ಮೂಲ ಆವೃತ್ತಿಯನ್ನೇ ಬೇಕೆಂದು ಸತತವಾಗಿ ತೂಗಾಡಿಸುತ್ತವೆ. ಆಗ ಮಾನಕ ಪರೀಕ್ಷೆಯಲ್ಲಿ ಶಿಖರ ತಗ್ಗಿ ಉತ್ತೀರ್ಣರಾಗುವುದು ಸುಲಭ. ಆದರೆ ಮೂಲದಲ್ಲಿ 2 ಕಿಲೋಹರ್ಟ್ಸ್ ತೂಗಾಟ 109ನೆಯ ಗುಣಕದಲ್ಲಿ 218 ಕಿಲೋಹರ್ಟ್ಸ್ ಆಗುತ್ತದೆ. ಗುಣಕಗಳ ನಡುವಿನ ಅಂತರ ಬರೀ 65. ಹಾಗಾಗಿ ಇಡೀ ಪಟ್ಟಿ ಏಕರೂಪದ ಹಿಸ್ಸೆನ್ನುವ ಸದ್ದಿನಿಂದ ತುಂಬುತ್ತದೆ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಪರೀಕ್ಷೆಗೆ ಒಳ್ಳೆಯದಾದದ್ದು ಕಿವಿಗೆ ಒಳ್ಳೆಯದಾಗಬೇಕೆಂದಿಲ್ಲ.

ಗದ್ದಲ ಸಾಗುವ ದಾರಿಯನ್ನೂ ಗಮನಿಸಿ. ಧನ ಮತ್ತು ಋಣ ತಂತಿಗಳ ನಡುವಿನ ಗದ್ದಲವನ್ನು ಕೆಪಾಸಿಟರ್ ತಡೆಯುತ್ತದೆ. ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ಗದ್ದಲವನ್ನು ಅದು ತಡೆಯಲಾರದು. ಈ ಸಮಾನ ಗದ್ದಲಕ್ಕೆ ವಿದ್ಯುತ್ ತಂತಿ, ಕೇಬಲ್ಲಿನ ಹೊರಕವಚ ಎಲ್ಲವೂ ಆಂಟೆನಾಗಳೇ. ಇದಕ್ಕೆ ಮದ್ದು, ಎರಡೂ ತಂತಿಗಳನ್ನು ಒಟ್ಟಿಗೇ ಫೆರೈಟ್ ಬಳೆಯೊಂದಕ್ಕೆ ಹಲವು ಸುತ್ತು ಸುತ್ತುವುದು. ಪ್ರೇರಕತೆ ಸುತ್ತುಗಳ ವರ್ಗದಂತೆ ಏರುವುದರಿಂದ ಎಂಟು ಸುತ್ತು ಒಂದು ಸುತ್ತಿನ ಎಂಟರಷ್ಟಲ್ಲ, ಅರವತ್ತನಾಲ್ಕರಷ್ಟು.

ಸುರಕ್ಷತೆ

'ಸ್ವಿಚ್ಚಿಂಗ್ ಸಪ್ಲೈ ಕೆಟ್ಟರೆ 300 ವೋಲ್ಟ್ ರೇಡಿಯೋಗೆ ನುಗ್ಗುತ್ತದೆ' ಎಂಬ ಭಯವಿದೆ. ಸಾಮಾನ್ಯವಾಗಿ ಹಾಗಾಗದು. ಅದರ ಮುಖ್ಯ ಟ್ರಾನ್ಸಿಸ್ಟರ್ ಒಳಗೊಳಗೇ ಜೋಡಿಕೊಂಡರೆ ಫ್ಯೂಸ್ ಹೋಗುತ್ತದೆ, ಹೊರಗಿನ ವೋಲ್ಟೇಜ್ ಸೊನ್ನೆಯಾಗುತ್ತದೆ. ರೇಖೀಯ ಸಪ್ಲೈಯಲ್ಲಿ ಅದೇ ದೋಷ 20 ವೋಲ್ಟನ್ನು ನೇರ ರೇಡಿಯೋಗೆ ಕಳಿಸುತ್ತದೆ! ಆದರೆ ಸ್ವಿಚ್ಚಿಂಗ್ ಸಪ್ಲೈಯ ಹಿಂಮಾಹಿತಿ ಮಂಡಲ ಕೆಟ್ಟರೆ ವೋಲ್ಟೇಜ್ ಏರಬಹುದು. ಹಾಗಾಗಿ ಯಾವ ಬಗೆಯದಾದರೂ ಅಧಿಕ ವೋಲ್ಟೇಜ್ ರಕ್ಷಣೆ ಇರಲೇಬೇಕು.

ಇನ್ನೆರಡು ಎಚ್ಚರಿಕೆಗಳು. ಕೆಲವು ಪೆಟ್ಟಿಗೆಗಳಲ್ಲಿ 115/230 ವೋಲ್ಟ್ ಆಯ್ಕೆಯ ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದಾಗ ನಮ್ಮ ಮನೆಯ ವಿದ್ಯುತ್ತಿಗೆ ಜೋಡಿಸಿದರೆ ಒಳಗಿನ ಕೆಪಾಸಿಟರುಗಳು ಸಿಡಿಯುತ್ತವೆ. ಎರಡನೆಯದಾಗಿ, ಮೂರನೆಯ ಪಿನ್ನಿಗೆ ಭೂಸಂಪರ್ಕವಿಲ್ಲದ ಹಳೆಯ ಮನೆಗಳಲ್ಲಿ ಸೋಸುವ ಕೆಪಾಸಿಟರುಗಳ ಮೂಲಕ ಲೋಹದ ಪೆಟ್ಟಿಗೆ ಸುಮಾರು 115 ವೋಲ್ಟ್‌ಗೆ ಏರಿ ಮುಟ್ಟಿದಾಗ ಜುಮ್ಮೆನ್ನುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಗದ್ದಲದ ಸೋಸುವಿಕೆಯೂ ಸೋಲುತ್ತದೆ. ಮೊದಲು ಅರ್ಥಿಂಗ್ ಸರಿಪಡಿಸಿ, ಆಮೇಲೆ ಸಪ್ಲೈ ಕೊಳ್ಳಿ. ಹಳೆಯ ಕಂಪ್ಯೂಟರಿನ ಸಪ್ಲೈಯನ್ನು ಬಿಚ್ಚಿ ಮಾರ್ಪಡಿಸುವ ಸಾಹಸವನ್ನು ಹೊಸಬರು ಮಾಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು.

ನೀವೇ ಪರೀಕ್ಷಿಸಿ

ಟ್ರಾನ್ಸೀವರನ್ನು ಬ್ಯಾಟರಿಯಿಂದ ನಡೆಸಿ, ಆಂಟೆನಾ ಜೋಡಿಸಿ, 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸದ್ದಿಲ್ಲದ ಜಾಗಗಳಲ್ಲಿ ಎಸ್-ಮೀಟರ್ ಓದಿ ಬರೆದುಕೊಳ್ಳಿ. ಮುಂದೆ ಸಪ್ಲೈಗೆ ಕಾರಿನ 55 ವಾಟ್ ಹೆಡ್‌ಲೈಟ್ ಬಲ್ಬನ್ನು ಹೊರೆಯಾಗಿ ಕೊಟ್ಟು, ಟ್ರಾನ್ಸೀವರಿಗೆ ಜೋಡಿಸದೆ, ಪಕ್ಕದಲ್ಲಿಟ್ಟು ಚಾಲೂ ಮಾಡಿ. ಈಗ ಏರಿದ ಗದ್ದಲ ಗಾಳಿಯಿಂದ ಮತ್ತು ಮನೆಯ ತಂತಿಗಳಿಂದ ಬಂದದ್ದು. ಕೊನೆಗೆ ಟ್ರಾನ್ಸೀವರನ್ನು ಅದೇ ಸಪ್ಲೈಯಿಂದ ನಡೆಸಿ. ಇನ್ನಷ್ಟು ಏರಿದರೆ ಅದು 13.8 ವೋಲ್ಟ್ ತಂತಿಯ ಮೂಲಕ ಬಂದದ್ದು. ಫೆರೈಟ್ ಬಳೆ ಎಲ್ಲಿರಬೇಕೆಂಬುದು ಇದರಿಂದ ತಿಳಿಯುತ್ತದೆ. ಮೊದಲ ಹಂತದಲ್ಲೇ ಗದ್ದಲ ಹೆಚ್ಚಿದ್ದರೆ ದೋಷ ಸಪ್ಲೈಯದಲ್ಲ. ಮನೆಯ ಎಲ್‌ಇಡಿ ಬಲ್ಬುಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಒಂದೊಂದಾಗಿ ಆರಿಸಿ ನೋಡಿ.

ತಂತಿಯ ದಪ್ಪವನ್ನು ಮರೆಯಬೇಡಿ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎರಡು ಮೀಟರ್ ದೂರಕ್ಕೆ, ಹೋಗಿ ಬರುವುದು ಸೇರಿ, 20 ಆಂಪಿಯರ್‌ನಲ್ಲಿ 0.6 ವೋಲ್ಟ್ ನುಂಗುತ್ತದೆ. ಒಳ್ಳೆಯ ಸಪ್ಲೈ ಕೊಂಡು ತೆಳ್ಳನೆಯ ತಂತಿ ಹಾಕಿದರೆ ಏನು ಬಂತು?

ತೀರ್ಮಾನ

ಸ್ವಿಚ್ಚಿಂಗ್ ಸಪ್ಲೈ ಹ್ಯಾಮ್ ಕೇಂದ್ರಕ್ಕೆ ಯೋಗ್ಯವಾದುದೇ. ಆದರೆ ಆಯ್ಕೆಯ ಮಾನದಂಡಗಳ ಕ್ರಮ ಬದಲಾಗಬೇಕು: ಮೊದಲು ಅಧಿಕ ವೋಲ್ಟೇಜ್ ರಕ್ಷಣೆ ಮತ್ತು ಭೂಸಂಪರ್ಕ, ನಂತರ ನಿಮ್ಮದೇ ಆಂಟೆನಾದಲ್ಲಿ ಅಳೆದ ಗದ್ದಲ, ಆಮೇಲೆ ನಿರಂತರ ಆಂಪಿಯರ್, ಬೆಲೆ ಮತ್ತು ತೂಕ ಕೊನೆಗೆ. ಹ್ಯಾಮ್‌ಗಳಿಗೆಂದೇ ತಯಾರಾದ ಮಾದರಿಗೆ ಹೆಚ್ಚು ಹಣ ಕೊಡುವುದು ಸೋಸುವಿಕೆ ಚೆನ್ನಾಗಿದ್ದರೆ ಮಾತ್ರ ಸಾರ್ಥಕ. ಕೈಗಾರಿಕಾ ಮಾದರಿಗೆ ಫೆರೈಟ್ ಬಳೆ, ಸರಿಯಾದ ಅರ್ಥಿಂಗ್ ಮತ್ತು ತೆರೆದ 230 ವೋಲ್ಟ್ ತುದಿಗಳಿಗೆ ಮುಚ್ಚಳ ಒದಗಿಸಿದರೆ ಅದೂ ಸಾಕಾಗಬಹುದು.

ತಯಾರಕರು ರೇಡಿಯೋ ಆವೃತ್ತಿಗಳಲ್ಲಿನ ಸಮಾನ ಗದ್ದಲದ ನಕ್ಷೆಯನ್ನು ವಿವರಪಟ್ಟಿಯಲ್ಲಿ ಕೊಡಬೇಕು. ಅದು ಬರುವವರೆಗೆ ಹ್ಯಾಮ್ ಕ್ಲಬ್ಬುಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಸೇರಿ ಮೇಲಿನ ಮೂರು ಹಂತದ ಪರೀಕ್ಷೆಯನ್ನು ನಡೆಸಿ ಫಲಿತಾಂಶಗಳನ್ನು ಪ್ರಕಟಿಸಬಹುದು. ಬೇಕಾದದ್ದು ಒಂದು ಬ್ಯಾಟರಿ, ಒಂದು ಬಲ್ಬು ಮತ್ತು ಒಂದು ಸಂಜೆ.