ಕಾಮನ್ ಏರಿಯಾ ಯಾರದ್ದು?

ವೈಟ್‌ಫೀಲ್ಡ್ ಕಡೆ ನಾನು ಫ್ಲ್ಯಾಟ್ ತಗೊಂಡ ಅಪಾರ್ಟ್‌ಮೆಂಟಿನ ಬ್ರೋಷರನ್ನು ಮೊನ್ನೆ ಮತ್ತೆ ಓದಿದೆ. ಹದಿನಾಲ್ಕು ಪುಟ. ಅದರಲ್ಲಿ ಮನೆಗೆ ಮೂರೇ ಪುಟ. ಉಳಿದದ್ದೆಲ್ಲ ಈಜುಕೊಳ, ಜಿಮ್, ಕ್ಲಬ್‌ಹೌಸ್, ಹಿರಿಯರು ಕೂರುವ ಪಾರ್ಕ್. ಪುಟಪುಟದಲ್ಲೂ ‘ಕಮ್ಯುನಿಟಿ’ ಅನ್ನೋ ಪದ. ಬರವಣಿಗೆ ಚೆನ್ನಾಗೇ ಇದೆ. ನನ್ನ ತಕರಾರು ಆ ಒಂದು ಪದದ ಮೇಲೆ.

ಮೊದಲು ಲೆಕ್ಕ. ನನ್ನ ಫ್ಲ್ಯಾಟ್ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ 1200 ಚದರಡಿ. ಮನೆಯೊಳಗಿನ ಜಾಗ, ಅಂದರೆ ಕಾರ್ಪೆಟ್ ಏರಿಯಾ, 850. ಉಳಿದ 350 ಬಾಲ್ಕನಿ, ಹೊರಗೋಡೆ, ಲಿಫ್ಟ್, ಲಾಬಿ, ಕ್ಲಬ್‌ಹೌಸ್ ಅಂತ ಹಂಚಿಹೋಗಿದೆ. 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ ಎಷ್ಟಂತ ಬಿಲ್ಡರ್ ಹೇಳಲೇಬೇಕು. ಆದರೂ ನಾವು ಸ್ನೇಹಿತರ ಹತ್ತಿರ ಹೇಳ್ಕೊಳ್ಳೋದು 1200ನ್ನೇ. ಇನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಪ್ರಕಾರ ಕಾಮನ್ ಏರಿಯಾವನ್ನು ಯಾರೂ ಪಾಲು ಕೇಳುವಂತಿಲ್ಲ. ಇದನ್ನು ಓದಿದಾಗ ನಮ್ಮೂರ ಕೆರೆ ನೆನಪಾಗಿತ್ತು.

ನಮ್ಮೂರು ಹಳೇಬೀಡಿನ ಹತ್ತಿರ. ನಮ್ಮ ಕಡೆ ಎಲ್ಲರ ನೀರೇ ಊರಿನ ಹೆಸರೂ ಹೌದು: ಅರಸಿಯ ಕೆರೆಯೇ ಅರಸೀಕೆರೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಲ್ಲಿನ ಕೆರೆಗೂ ಅದೇ ಹೆಸರು. ಹುಲಿಕೆರೆಯ ಕಲ್ಲಿನ ಕಲ್ಯಾಣಿ ನೋಡಿದವರಿಗೆ ನಮ್ಮ ಈಜುಕೊಳ ಸ್ನಾನದ ತೊಟ್ಟಿ ಥರ ಕಾಣುತ್ತೆ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ನಮ್ಮ ಕ್ಲಬ್‌ಹೌಸ್ ಬಾಗಿಲಿಗೆ ಫೈಬರಿನ ದರ್ಪಣ ಸುಂದರಿಯೂ ಬಂದಿದ್ದಾಳೆ.

ಹೋದ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಎರಡೇ ದಿನದಲ್ಲಿ, ನಮ್ಮ ಟವರಿನ ನಾಲ್ಕು ಮನೆಗೆ ಕೆಲಸಕ್ಕೆ ಬರೋ ತಿಪಟೂರು ಕಡೆಯ ಅಕ್ಕನ ಪರಿಚಯ ಮಾಡ್ಕೊಂಡಳು. ಇಬ್ಬರೂ ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡು ಕೊಬ್ಬರಿ ರೇಟು ಮಾತಾಡೋರು. ವಾರದೊಳಗೆ ಅಸೋಸಿಯೇಷನ್ ನೋಟಿಸ್ ಬಂತು: ಮನೆಗೆಲಸದವರು ಪಾರ್ಕಿನಲ್ಲಿ ಕೂರಬಾರದು, ಸರ್ವೀಸ್ ಲಿಫ್ಟಲ್ಲೇ ಓಡಾಡಬೇಕು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸಾಲುಸಾಲು ಥಂಬ್ಸ್‌ಅಪ್. ಅದರಲ್ಲಿ ಒಂದು ನಂದು. ಓದದೇ ಒತ್ತಿದೆ ಅಂತ ಅವ್ವನಿಗೆ ಹೇಳಿದೆ. ಓದಿಯೇ ಒತ್ತಿದ್ದೆ.

“ನಾನೂ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡ್ದೋಳೆ ಕಣ್ಲಾ. ಹಂಗಾದ್ರೆ ನಾನೂ ಕೂರಂಗಿಲ್ವ?” ಅಂದಳು.

ಹಾಗಂತ ಊರೇ ಸ್ವರ್ಗ ಅಂತ ನಾನು ಹೇಳಲ್ಲ. ಅಲ್ಲೂ ‘ಎಲ್ಲರ’ ಬಾವಿ ಎಲ್ಲರದ್ದಾಗಿರಲಿಲ್ಲ. ಮಹಾಡ್‌ನ ಕೆರೆ ನೀರು ಕುಡಿಯೋಕೆ 1927ರಲ್ಲಿ ಅಂಬೇಡ್ಕರ್ ಸತ್ಯಾಗ್ರಹವನ್ನೇ ಮಾಡಬೇಕಾಯ್ತು. ಅವತ್ತು ಮೈಲಿಗೆ ಅಂತ ಎಳೆದಿದ್ದ ಗೆರೆಯನ್ನು ಇವತ್ತು ನಾವು ಹೈಜೀನ್, ಸೆಕ್ಯುರಿಟಿ ಅಂತ ಎಳೀತಿದ್ದೀವಿ. ಮೇಂಟೆನೆನ್ಸ್ ಕಟ್ಟೋರು ನಾವಲ್ವಾ ಅಂತ ಕೇಳ್ತಾರೆ. ಈಜುಕೊಳದ ವಿಷಯಕ್ಕೆ ಆ ಮಾತು ಒಪ್ಪೋಣ. ನಾಲ್ಕು ಮನೆ ನೆಲ ಒರೆಸಿ ಬಂದವರು ಹತ್ತು ನಿಮಿಷ ಬೆಂಚಿನ ಮೇಲೆ ಕೂತರೆ ಯಾರ ಮೇಂಟೆನೆನ್ಸ್ ಎಷ್ಟು ಜಾಸ್ತಿ ಆಗುತ್ತೆ?

ನೋಟಿಸ್ ವಾಪಸ್ ತಗೊಳ್ಳಿ ಅಂತ ಬರೆದುಕೊಟ್ಟಿದ್ದೀನಿ. ಅದಕ್ಕೆ ಇದುವರೆಗೆ ಬಿದ್ದಿರೋದು ಎರಡೇ ಥಂಬ್ಸ್‌ಅಪ್. ನೀವು ಫ್ಲ್ಯಾಟ್ ನೋಡೋಕೆ ಹೋದಾಗ ಈಜುಕೊಳ ಆಮೇಲೆ ನೋಡಿ. ಕೆಲಸದವರು, ಸೆಕ್ಯುರಿಟಿಯವರು ಕೂತು ಊಟ ಮಾಡೋದು ಎಲ್ಲಿ ಅಂತ ಮೊದಲು ಕೇಳಿ. ನನ್ನ ಬ್ರೋಷರಿನ ಹದಿನಾಲ್ಕು ಪುಟದಲ್ಲಿ ಅದು ಇಲ್ಲ.