ಹಾರ್ಮೋನಿಯಂ ಮೇಷ್ಟ್ರು
ಗುಬ್ಬಿ ಕಂಪನಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಮೆರೆಸಿದ ‘ಕುರುಕ್ಷೇತ್ರ’ ನಾಟಕ ಕೋಲಾರದ ಹಳ್ಳಿಗಳಿಗೆ ಇಂದಿಗೂ ಅಚ್ಚುಮೆಚ್ಚು. ಬರುವ ಜಾತ್ರೆಗಳಿಗೆ ತಿಂಗಳುಗಟ್ಟಲೆ ಮೊದಲೇ ರಾತ್ರಿ ತಾಲೀಮು ಶುರು. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ.

ನಾಟಕದ ರಾತ್ರಿ ನನ್ನ ಕಣ್ಣು ಮಾತ್ರ ಮೇಷ್ಟ್ರ ಮೇಲೆ. ಕಾಲು ಹಾರ್ಮೋನಿಯಂನ ತಿದಿ ಒತ್ತುತ್ತದೆ, ಬೆರಳು ಮನೆಗಳ ಮೇಲೆ ಓಡುತ್ತದೆ, ತುಟಿ ಮುಂದಿನ ಸಾಲನ್ನು ಪಿಸುಗುಡುತ್ತದೆ. ಹಗಲೆಲ್ಲ ಟೊಮೆಟೊ ಕ್ರೇಟು ಹೊತ್ತ ದುರ್ಯೋಧನ ಪದ್ಯದ ನಡುವೆ ಶ್ರುತಿ ಬಿಟ್ಟರೆ ಮೇಷ್ಟ್ರು ಗದರುವುದಿಲ್ಲ. ಅವನು ಹೋದಲ್ಲಿಗೇ ಬೆರಳು ಸರಿಸಿ, ಒಂದೊಂದೇ ಸ್ವರ ಇಳಿಸಿ, ಷಡ್ಜಕ್ಕೆ ತಂದು ಕೂರಿಸುತ್ತಾರೆ. ಜನಕ್ಕೆ ತಪ್ಪು ಗೊತ್ತಾಗುವುದೇ ಇಲ್ಲ. ‘ಒನ್ಸ್ ಮೋರ್’ ಎಂಬ ಕೂಗು ಬೀಳುವುದು ದುರ್ಯೋಧನನಿಗೆ. ಅದರಲ್ಲಿ ಅರ್ಧ ಪಾಲು ಮೇಷ್ಟ್ರದೇ.