ಭಾನುವಾರ ಬೆಳಗಿನ ಕೋರಮಂಗಲ

ಕೋರಮಂಗಲದಲ್ಲಿ ಮನೆ ಕೊಳ್ಳಬೇಕೆನ್ನುವವರು ಏರಿಯಾ ನೋಡಲು ಬರುವುದು ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ. ಬ್ರೋಕರಿಗೂ ಅದೇ ಅನುಕೂಲ. ಪಬ್‌ಗಳು ಬಾಗಿಲು ತೆರೆದಿರುವುದಿಲ್ಲ, ಆಫೀಸಿನ ಕ್ಯಾಬ್‌ಗಳ ಓಡಾಟವಿಲ್ಲ, ರಸ್ತೆ ತುಂಬ ಮರದ ನೆರಳು. ಮೂರನೇ ಬ್ಲಾಕಿನ ಬಂಗಲೆಗಳ ಮುಂದೆ ಕಾರು ನಿಧಾನವಾಗುತ್ತದೆ. ‘ಪ್ರೈಮ್ ಲೊಕೇಶನ್ ಸಾರ್, ಇಲ್ಲಿ ರೇಟು ಇಳಿಯೋ ಮಾತೇ ಇಲ್ಲ’ ಎಂಬ ಮಾತು ಬರುತ್ತದೆ. ಆಮೇಲೆ ಕಾರು ತಿರುಗುವುದು ನಾಲ್ಕನೇ ಬ್ಲಾಕಿಗೆ, ಮಾರಾಟಕ್ಕಿರುವ ಫ್ಲಾಟು ಇರುವುದು ಅಲ್ಲಿ. ಬಾಗಿಲು ಪೂರ್ವಕ್ಕಿದೆಯೇ, ಅಡುಗೆಮನೆ ಆಗ್ನೇಯದಲ್ಲಿದೆಯೇ, ಎರಡು ಕಾರಿಗೆ ಜಾಗ ಉಂಟೇ ಎಂದು ನೋಡಿ ಮುಗಿಸಿದರೆ ಏರಿಯಾ ನೋಡಿದಂತಾಯಿತು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ ಮಾಡುವಷ್ಟು ವಿಚಾರಣೆಯನ್ನೂ ಕೋಟಿಗಟ್ಟಲೆ ಸುರಿಯುವಲ್ಲಿ ನಾವು ಮಾಡುವುದಿಲ್ಲ.

ಈ ಪದ್ಧತಿಯ ಮೂಲದೋಷವೆಂದರೆ, ಪ್ರತಿಷ್ಠಿತ ಬಡಾವಣೆ ಎಂದರೆ ಇಡೀ ಬಡಾವಣೆ ಒಂದೇ ಸಮ ಎಂದು ನಂಬಿಬಿಡುವುದು. ಪತ್ರಿಕೆಗಳು ‘ಬಿಲಿಯನೇರ್ ಸ್ಟ್ರೀಟ್’ ಎಂದು ಕರೆಯುವ ರಸ್ತೆ ಇರುವುದು ಮೂರನೇ ಬ್ಲಾಕಿನಲ್ಲಿ. ಆ ಹೆಸರಿನ ಬೆಲೆಯನ್ನು ಮಾತ್ರ ಸುತ್ತಲಿನ ಬ್ಲಾಕುಗಳೂ ವಸೂಲಿ ಮಾಡುತ್ತವೆ. ನೆಲ ಹಾಗಿಲ್ಲ. ಮೆಜೆಸ್ಟಿಕ್ ಕಡೆಯಿಂದ ಹರಿದು ಬರುವ ಕೆ-100 ರಾಜಕಾಲುವೆ ಕೋರಮಂಗಲ ಕಣಿವೆಯನ್ನು ಹಾದು ಬೆಳ್ಳಂದೂರು ಕೆರೆ ಸೇರುತ್ತದೆ. ನಾಲ್ಕನೇ ಬ್ಲಾಕಿನ ಎಸ್.ಟಿ. ಬೆಡ್ ಪ್ರದೇಶ ಎದ್ದಿರುವುದು ಶ್ರೀನಿವಾಗಿಲು ಕೆರೆಯ ಅಂಗಳದಲ್ಲಿ. ಜೋರು ಮಳೆ ಬಂದರೆ ಅಲ್ಲಿಗೆ ನೀರು ನುಗ್ಗುವುದು ಹಳೆಯ ಸುದ್ದಿ. ಅದೇ ಪಿನ್‌ಕೋಡು, ಅದೇ ‘ಪ್ರೈಮ್’. ನೀರಿಗೆ ಮಾತ್ರ ತಗ್ಗು ಯಾವುದು ಎಂದು ಗೊತ್ತು.

ನೋಡುವ ಕಣ್ಣಿದ್ದರೆ ಬಿಸಿಲಿನ ದಿನವೂ ಅಲ್ಲಿ ಮಳೆ ಕಾಣುತ್ತದೆ. ಕಾಂಪೌಂಡ್ ಗೋಡೆಯ ಬಣ್ಣ ಒಂದೇ ಎತ್ತರಕ್ಕೆ ಸಾಲಾಗಿ ಉಬ್ಬಿ ಸುಲಿದಿದೆಯೇ? ಸಂಪಿನ ಮುಚ್ಚಳದ ಸುತ್ತ ಆಮೇಲೆ ಕಟ್ಟಿದ ಇಟ್ಟಿಗೆಯ ಕಟ್ಟೆ ಇದೆಯೇ? ಗೇಟಿನ ಎರಡೂ ಬದಿ ಹಲಗೆ ಇಳಿಬಿಡಲು ಕಬ್ಬಿಣದ ಚಾನೆಲ್ ಕೂರಿಸಿದ್ದಾರೆಯೇ? ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿ, ಹಳೆಯ ಮನೆಗಳ ಅಂಗಳಕ್ಕೆ ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕೇ? ಪಕ್ಕದ ಹೊಸ ಮನೆಯವರು ತಳಪಾಯವನ್ನು ಎದೆಯೆತ್ತರ ಏರಿಸಿದ್ದರೆ ಅದು ಅಂದಕ್ಕಲ್ಲ. ವಾಸ್ತು ನೋಡಲು ಬಂದವರು ಇದರಲ್ಲಿ ಒಂದನ್ನೂ ಗಮನಿಸುವುದಿಲ್ಲ ಎನ್ನುವುದೇ ಸೋಜಿಗ. ವಾಸ್ತುವಿಗೂ ನೀರಿನ ಇಳಿಜಾರಿಗೂ ಸಂಬಂಧವಿದೆ ಎಂದು ಅವರೇ ಹೇಳುತ್ತಿರುತ್ತಾರೆ!

ದುಡ್ಡು ಹೆಚ್ಚು ಕೊಟ್ಟರೆ ಈ ತಾಪತ್ರಯ ತಪ್ಪುತ್ತದೆ ಎನ್ನುವಂತೆಯೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಎಪ್ಸಿಲಾನ್, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಗಳಲ್ಲಿ ದುಬಾರಿ ವಿಲ್ಲಾಗಳು ನೀರಲ್ಲಿ ನಿಂತವು. ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು.

‘ಲಾಯರ್ ಕೈಲಿ ಎಲ್ಲಾ ಚೆಕ್ ಮಾಡ್ಸಿದೀವಿ’ ಎನ್ನುವವರ ಮೇಲೂ ನನಗೆ ತಕರಾರಿದೆ. ಇ.ಸಿ., ಖಾತೆ, ಓ.ಸಿ. ಎಲ್ಲವೂ ಬೇಕು, ಬಿಡುವಂತಿಲ್ಲ. ಆದರೆ ಅವು ಹೇಳುವುದು ಆಸ್ತಿ ಯಾರದು, ಕಟ್ಟಡ ಕಾನೂನಿನ ಪ್ರಕಾರ ಇದೆಯೇ ಎನ್ನುವುದನ್ನು. ಅಲ್ಲಿ ಬದುಕು ಹೇಗಿದೆ ಎಂದು ಯಾವ ದಾಖಲೆಯೂ ಹೇಳುವುದಿಲ್ಲ. ಕಾಗದಕ್ಕೂ ನೆಲಕ್ಕೂ ಸ್ವಲ್ಪ ಕೊಂಡಿ ಹಾಕುವುದು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರನ್ನು, ಹಳೇ ಗ್ರಾಮ ನಕ್ಷೆಯ ಕೆರೆ, ಹಳ್ಳಗಳನ್ನು ಅದು ಪುಕ್ಕಟೆಯಾಗಿ ತೋರಿಸುತ್ತದೆ. ಮನೆ ಹುಡುಕುವವರ ಫೋನಿನಲ್ಲಿ ಇ.ಎಂ.ಐ. ಲೆಕ್ಕದ ಆ್ಯಪ್ ಇರುತ್ತದೆ, ಇದು ಇರುವುದಿಲ್ಲ.

ಇನ್ನು ಗದ್ದಲ. ಫ್ಲಿಪ್‌ಕಾರ್ಟ್ 2007ರಲ್ಲಿ ಶುರುವಾದದ್ದು ಇಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಂದೀಚೆಗೆ ಮನೆ ಯಾವುದು, ಆಫೀಸು ಯಾವುದು ಎಂಬ ಗೆರೆಯೇ ಇಲ್ಲಿ ತೆಳುವಾಯಿತು. ಐದನೇ ಬ್ಲಾಕಿನ ಒಳರಸ್ತೆಯಲ್ಲಿ ಕೆಳಗೆ ಕೆಫೆ, ಮೇಲೆ ಪಿ.ಜಿ. ಇರುವುದು ಈಗ ಮಾಮೂಲು. ಇಪ್ಪತ್ತೈದರ ವಯಸ್ಸಿಗೆ ಅದು ಸ್ವರ್ಗ. ವಯಸ್ಸಾದ ಅಪ್ಪ ಅಮ್ಮನನ್ನು ಊರಿಂದ ಕರೆತರುವವರು ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಆ ರಸ್ತೆಯಲ್ಲಿ ನಿಂತು ನೋಡಬೇಕು. ಓಡಾಟದ ಮಾತಿಗೆ ಬಂದರೆ, 2017ರಲ್ಲಿ ಕೆಲಸ ಶುರುವಾದ, ಸುಮಾರು ಎರಡೂವರೆ ಕಿಲೋಮೀಟರಿನ ಈಜಿಪುರ ಮೇಲ್ಸೇತುವೆ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತಿತ್ತು ಎಂದರೆ ಸಾಕು.

ಇಷ್ಟೆಲ್ಲ ಹೇಳಿದರೂ ಕೋರಮಂಗಲ ಒಳ್ಳೆಯ ಬಡಾವಣೆಯೇ. ನಗರದಂಚಿನ ಹೊಸ ಬಡಾವಣೆಗಳ ಹಾಗೆ ಒಳಚರಂಡಿಗೆ, ಕಾವೇರಿ ಪೈಪಿಗೆ ಇಲ್ಲಿ ಅರ್ಜಿ ಹಿಡಿದು ಕಾಯುತ್ತ ಕೂರಬೇಕಿಲ್ಲ. ಪಾರ್ಕುಗಳಿವೆ, ನಡೆದುಹೋಗುವಷ್ಟು ದೂರದಲ್ಲಿ ಆಸ್ಪತ್ರೆ ಇದೆ. ಅದನ್ನು ಅರಿತು ಕೊಳ್ಳುವುದು ಬೇರೆ, ಹೆಸರು ಕೇಳಿ ಕೊಳ್ಳುವುದು ಬೇರೆ. ನಿಜವಾಗಿ ಏರಿಯಾ ಗೊತ್ತಿರುವುದು ವಾಲ್ವ್‌ಮನ್‌ಗೆ, ಮರದಡಿಯ ಇಸ್ತ್ರಿಯವನಿಗೆ, ರಾಜೇಂದ್ರನಗರದಿಂದ ಮನೆಗೆಲಸಕ್ಕೆ ನಡೆದು ಬರುವ ಹೆಂಗಸರಿಗೆ. ‘ಮಳೆ ಬಂದ್ರೆ ಇಲ್ಲಿ ಎಷ್ಟು ನೀರು ನಿಲ್ಲತ್ತಮ್ಮಾ?’ ಎಂದು ಕೇಳಿದರೆ ಮೊಣಕಾಲು ಮುಟ್ಟಿ ತೋರಿಸುತ್ತಾರೆ. ಅವರಿಗೆ ಕಮಿಷನ್ ಇಲ್ಲ, ಆದ್ದರಿಂದ ಸುಳ್ಳು ಹೇಳುವ ಗರಜೂ ಇಲ್ಲ.

ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಜನವರಿಯಲ್ಲಿ ಫ್ಲಾಟು ನೋಡಿ ಮೆಚ್ಚಿದವರು ಆ ತಿಂಗಳುಗಳನ್ನು ಕಳೆಯದೆ ಅಡ್ವಾನ್ಸ್ ಕೊಡಬೇಡಿ.